ಕವಿಶಿಷ್ಯರ ಅಲಂಕಾರ

ಪಂಜೆ ಮಂಗೇಶರಾಯರ ಹೆಸರನ್ನು ಕೇಳಿದೊಡನೆ ನಮ್ಮ ವಿದ್ಯಾವಂತರ ಮುಖದಲ್ಲಿ ಒಂದು ಮುಗುಳುನಗೆ ಮೂಡುತ್ತದೆ. ಆ ನಗೆಯಲ್ಲಿ ಪ್ರೀತಿಯಿದೆ. ಅದರೊಡನೆ ಅಷ್ಟಿಷ್ಟು ಉಪೇಕ್ಷೆಯೂ ಇದೆ. ಎಳೆಯ ತರಗತಿಗಳಲ್ಲಿ ಕೈತಟ್ಟಿ ಹಾಡಿದ ಪದ್ಯಗಳನ್ನು ಬರೆದವರು, ಹಾವು ಗಾಳಿ ಸೂರ್ಯರ ಮೇಲೆ ಹಾಡು ಕಟ್ಟಿದವರು, ಮಕ್ಕಳ ಕವಿ - ಇಷ್ಟು ಹೇಳಿದರೆ ಅವರ ಲೆಕ್ಕ ತೀರಿತೆಂದು ನಾವು ಭಾವಿಸಿದ್ದೇವೆ. ಈ ಲೆಕ್ಕದಲ್ಲಿ ಒಂದು ದೊಡ್ಡ ಬಾಕಿ ಉಳಿದಿದೆ ಎಂಬುದು ನನ್ನ ಅಭಿಪ್ರಾಯ. ಆ ಬಾಕಿಯನ್ನು ತೋರಿಸುವುದಕ್ಕಾಗಿ ಅವರ ಜೀವನವನ್ನು ಒಂದು ನಿರ್ದಿಷ್ಟ ಕಡೆಯಿಂದ ಇಲ್ಲಿ ನೋಡಬಯಸುತ್ತೇನೆ.

ಪದವಿ ತರಗತಿಗಳಲ್ಲಿ ಕಾವ್ಯಮೀಮಾಂಸೆಯನ್ನು ಪಾಠ ಹೇಳತೊಡಗಿ ನನಗೆ ಇಪ್ಪತ್ತು ವರ್ಷಗಳಾಗುತ್ತ ಬಂದುವು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸುತ್ತಿನ ಹಳ್ಳಿಗಳಿಂದ ಬರುವ ನನ್ನ ವಿದ್ಯಾರ್ಥಿಗಳು ಒಂದು ಗಂಟೆ ಇಂಗ್ಲಿಷ್ ಅಧ್ಯಾಪಕರಲ್ಲಿ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಷನ್, ಅಪಾಸ್ಟ್ರಫಿ, ಅಲಿಟರೇಷನ್ ಎಂದು ಬರೆದುಕೊಳ್ಳುತ್ತಾರೆ. ಮರುಗಂಟೆ ನನ್ನಲ್ಲಿಗೆ ಬಂದು ಉಪಮೆ, ರೂಪಕ, ಸಮಾಸೋಕ್ತಿ, ಸಸಂದೇಹ, ಅನುಪ್ರಾಸ ಎಂದು ಬರೆದುಕೊಳ್ಳುತ್ತಾರೆ. ಒಂದು ಪಟ್ಟಿಗೂ ಇನ್ನೊಂದಕ್ಕೂ ಮಾತುಕತೆಯಿಲ್ಲ. ಪರೀಕ್ಷೆಯ ಮರುದಿನ ಎರಡೂ ಮರೆತುಹೋಗುತ್ತವೆ. ಈ ಎರಡು ಪಟ್ಟಿಗಳು ಒಬ್ಬ ಮನುಷ್ಯನ ಕಿವಿಯಲ್ಲಿ ಸಂಧಿಸಿ, ಒಂದನ್ನೊಂದು ಪರೀಕ್ಷಿಸಿ, ಕಡೆಗೆ ಎಳೆಯರ ನಾಲಗೆಯ ಮೇಲೆ ನೆಲಸಿದ ಒಂದು ಕಾಲವಿತ್ತು. ಆ ಮನುಷ್ಯ ಹುಟ್ಟಿದುದು ಈ ವಿದ್ಯಾರ್ಥಿಗಳು ದಿನವೂ ಬಸ್ಸು ಬದಲಿಸುವ ಊರಿನಲ್ಲಿಯೇ.

ನೇತ್ರಾವತಿಯ ದಂಡೆಯ ಬಂಟ್ವಾಳದಲ್ಲಿ 1874ರ ಫೆಬ್ರವರಿ 22ರಂದು ಮಂಗೇಶರಾಯರು ಜನಿಸಿದರು. ತಂದೆ ರಾಮಪ್ಪಯ್ಯನವರು, ಸಾರಸ್ವತ ಮನೆತನ. ಮನೆಯ ಮಾತು ಕೊಂಕಣಿ. ಹೊಸ್ತಿಲು ದಾಟಿದರೆ ಪೇಟೆಯಲ್ಲಿ, ಗದ್ದೆಯಲ್ಲಿ, ಹೊಳೆಯ ದೋಣಿಯಲ್ಲಿ ತುಳು. ಕನ್ನಡವೆಂಬುದು ಶಾಲೆಯ ಮಾತು, ಯಕ್ಷಗಾನದ ಮಾತು, ದೇವರ ಮುಂದೆ ಹಾಡುವ ದಾಸರ ಪದಗಳ ಮಾತು. ಇದನ್ನು ನಾವು ಸಾಮಾನ್ಯವಾಗಿ ಒಂದು ವಿಶೇಷವೆಂದು ಹೇಳಿ ಮುಂದೆ ಹೋಗುತ್ತೇವೆ. ಆದರೆ ಕವಿಯ ಕಿವಿಯ ಮಟ್ಟಿಗೆ ಇದು ನಿರ್ಣಾಯಕವಾದ ಸಂಗತಿ. ತಾಯಿಯ ಮಾತಿನಲ್ಲಿ ಬರೆಯುವವನಿಗೆ ಶಬ್ದದ ಅರ್ಥ ಮೊದಲು ಬರುತ್ತದೆ, ಅದರ ನಾದ ಆಮೇಲೆ ಕೇಳಿಸುತ್ತದೆ. ಕಲಿತ ಮಾತಿನಲ್ಲಿ ಬರೆಯುವವನಿಗೆ ಹಲವು ವೇಳೆ ನಾದವೇ ಮೊದಲು. ಕನ್ನಡ ಶಬ್ದಗಳು ಪಂಜೆಯವರಿಗೆ ಬಾಲ್ಯದಲ್ಲಿ ಹಾಡಾಗಿ, ತಾಳವಾಗಿ, ಭಾಗವತರ ಪದವಾಗಿ ಬಂದುವು. ಕೋಶದಲ್ಲಿ ಅರ್ಥ ನೋಡುವ ಕಾಲ ಬಂದಾಗ ಆ ಶಬ್ದಗಳ ಸದ್ದು ಆಗಲೇ ಅವರ ಮೈಯಲ್ಲಿ ಇಳಿದಿದ್ದಿತು.

ತಂದೆಯವರು ಬೇಗ ತೀರಿಕೊಂಡರು. ಸಂಸಾರದ ಭಾರ ಓದುವ ಹುಡುಗನ ಹೆಗಲಿಗೆ ಬಿತ್ತು. ಮಂಗಳೂರಿನಲ್ಲಿ ಮನೆಪಾಠ ಹೇಳುತ್ತ ಅವರು ಕಾಲೇಜು ಓದಿದರು. ಅಲ್ಲಿನ ಸರಕಾರಿ ಕಾಲೇಜಿನಲ್ಲಿಯೇ ಕನ್ನಡ ಪಂಡಿತರ ಕೆಲಸಕ್ಕೆ ಸೇರಿದರು. ಮುಂದೆ ಬಿ.ಎ. ಪದವಿಯನ್ನೂ ಮದರಾಸಿನ ಸೈದಾಪೇಟೆಯಲ್ಲಿ ಎಲ್.ಟಿ. ಪದವಿಯನ್ನೂ ಪಡೆದರು.

ಆಗಿನ ಮಂಗಳೂರನ್ನು ಸ್ವಲ್ಪ ನೆನೆಯಬೇಕು. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಬಾಸೆಲ್ ಮಿಷನ್ನಿನ ಅಚ್ಚುಕೂಟವು 1872ರಲ್ಲಿ ಕಿಟ್ಟೆಲರ ಸಂಪಾದನೆಯ ಶಬ್ದಮಣಿದರ್ಪಣವನ್ನೂ 1894ರಲ್ಲಿ ಅವರ ಮಹಾಕೋಶವನ್ನೂ ಹೊರತಂದಿದ್ದಿತು. ಕೋಶ ಬಂದಾಗ ಪಂಜೆಯವರಿಗೆ ಇಪ್ಪತ್ತು ವಯಸ್ಸು. ಕಾಲೇಜುಗಳಲ್ಲಿ ಇಂಗ್ಲಿಷೇ ರಾಜ. ಆ ಕಾಲದ ಇಂಗ್ಲಿಷ್ ಶಿಕ್ಷಣದಲ್ಲಿ ರೆಟರಿಕ್ ಎಂಬ ವಾಕ್ಚಾತುರ್ಯದ ಶಾಸ್ತ್ರಕ್ಕೆ ದೊಡ್ಡ ಸ್ಥಾನವಿತ್ತು. ಅಬರ್ಡೀನಿನ ಪ್ರಾಧ್ಯಾಪಕ ಅಲೆಕ್ಸಾಂಡರ್ ಬೇನ್ 1866ರಲ್ಲಿ ಬರೆದ ಪಾಠಪುಸ್ತಕವು ಅಲಂಕಾರಗಳನ್ನು ಮನಸ್ಸಿನ ವ್ಯಾಪಾರಗಳಿಗೆ ಜೋಡಿಸಿ, ಸಾದೃಶ್ಯದಿಂದ ಹುಟ್ಟುವುವು, ವೈದೃಶ್ಯದಿಂದ ಹುಟ್ಟುವುವು, ಸಾಮೀಪ್ಯದಿಂದ ಹುಟ್ಟುವುವು ಎಂದು ವಿಂಗಡಿಸಿತ್ತು. ಉತ್ತರ ಹಿಂದುಸ್ತಾನದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ನೆಸ್ಫೀಲ್ಡರ ವ್ಯಾಕರಣಗಳು ಈ ಶಾಸ್ತ್ರದ ಸಾರವನ್ನು ಹಿಂಡಿ ಪರೀಕ್ಷಾರ್ಥಿಗಳಿಗೆ ಕೊಡುತ್ತಿದ್ದುವು. ಕನ್ನಡದ ಕಡೆಗೆ ತಿರುಗಿದರೆ, ನಮ್ಮ ಮೊದಲ ಅಲಂಕಾರಗ್ರಂಥವಾದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಅಚ್ಚಿನಲ್ಲಿ ಬೆಳಕು ಕಂಡದ್ದೇ 1898ರಲ್ಲಿ. ಎಂದರೆ, ಆ ತಲೆಮಾರಿನ ವಿದ್ಯಾರ್ಥಿಗೆ ಇಂಗ್ಲಿಷಿನ ಅಲಂಕಾರಗಳು ಕಾಲೇಜಿನ ಹಲಗೆಯ ಮೇಲೆ ಸಿಕ್ಕುತ್ತಿದ್ದುವು. ತನ್ನ ನುಡಿಯವು ಓಲೆಗರಿಯಲ್ಲಿ ಮಲಗಿದ್ದುವು. ಇಂತಹ ಸನ್ನಿವೇಶದಲ್ಲಿ ಇಂಗ್ಲಿಷಿನದನ್ನು ಹಾಗೆಯೇ ಎತ್ತಿಕೊಂಡು ಕನ್ನಡದ ಮೇಲೆ ಹೊದಿಸುವುದು ಬಹಳ ಸುಲಭವಾಗಿತ್ತು. ಪಂಜೆಯವರು ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ.

ಅವರು ಮೊದಲು ಗದ್ಯಕ್ಕೆ ಕೈಹಚ್ಚಿದರು. ಬೆನಗಲ್ ರಾಮರಾಯರ ಸುವಾಸಿನಿ ಪತ್ರಿಕೆಯಲ್ಲಿ 1900ರ ಸುಮಾರಿಗೆ ಅವರ ನನ್ನ ಚಿಕ್ಕತಾಯಿ ಮೊದಲಾದ ಬರಹಗಳು ಪ್ರಕಟವಾದುವು. ಕನ್ನಡ ಸಣ್ಣಕತೆಯ ಚರಿತ್ರೆಯನ್ನು ಬರೆಯುವವರು ಈ ಬರಹಗಳಿಂದಲೇ ಆರಂಭಿಸುವುದು ವಾಡಿಕೆ. ನಾನೆಂದು ಹೇಳಿಕೊಳ್ಳುವ ಕಥಕ, ಮನೆಯೊಳಗಿನ ಸಣ್ಣ ಸಂಗತಿ, ನಗುತ್ತಲೇ ಚುಚ್ಚುವ ಮಾತು - ಇಂಗ್ಲಿಷ್ ಹರಟೆಗಾರರ ಐರನಿ ಎಂಬ ವಕ್ರತೆಯು ಇಲ್ಲಿ ನಮ್ಮ ಜಗಲಿಯ ಮಾತಿನ ಧಾಟಿಗೆ ಇಳಿದಿದೆ. ರಾ.ಮ.ಪಂ. ಎಂದೂ ಹರಟೆಮಲ್ಲ ಎಂದೂ ಅವರು ಗದ್ಯಕ್ಕೆ ಹೆಸರಿಟ್ಟುಕೊಂಡರು. ಪದ್ಯಕ್ಕೆ ಇಟ್ಟುಕೊಂಡ ಹೆಸರು ಕವಿಶಿಷ್ಯ. ಕವಿಯಲ್ಲ, ಕವಿಗಳ ಶಿಷ್ಯ! ಈ ಹೆಸರಿನ ಬೆಲೆಯನ್ನು ಮುಂದೆ ಹೇಳುತ್ತೇನೆ.

ಶಾಲೆಗಳ ಇನ್ಸ್‌ಪೆಕ್ಟರಾಗಿ ಅವರು ಜಿಲ್ಲೆಯನ್ನು ಸುತ್ತಿದರು. ಆಗಿನ ಶಾಲೆಯ ಮಕ್ಕಳಿಗೆ ಪದ್ಯವೆಂದರೆ ಜೈಮಿನಿಯ ಒಂದು ಷಟ್ಪದಿ, ಸೋಮೇಶ್ವರ ಶತಕದ ಒಂದು ವೃತ್ತ. ಬಾಯಿಪಾಠ, ಪ್ರತಿಪದಾರ್ಥ, ತಾತ್ಪರ್ಯ. ಅದು ಕಳಪೆಯ ಶಿಕ್ಷಣವೆಂದು ನಾನು ಹೇಳಲಾರೆ. ಅದರಿಂದ ಬಂದ ಹಿರಿಯರ ನಾಲಗೆಯ ಶುದ್ಧಿಯನ್ನು ನಾವು ಕಂಡಿದ್ದೇವೆ. ಆದರೆ ಆರು ವರ್ಷದ ಮಗುವಿಗೆ ಅದರಲ್ಲಿ ಆಟವಿರಲಿಲ್ಲ. ಇಂಗ್ಲಿಷ್ ಮಗುವಿಗೆ ತೊಟ್ಟಿಲಿನಿಂದಲೇ ಪ್ರಾಸದ ಆಟವಿತ್ತು. ಈ ಕೊರತೆಯನ್ನು ತುಂಬಲು ಪಂಜೆಯವರು ಕನ್ನಡ ಪದ್ಯಪುಸ್ತಕವನ್ನು ಸಿದ್ಧಗೊಳಿಸಿದರು. ಮೊದಲ ಭಾಗ 1912ರಲ್ಲಿ ಹೊರಬಂದಿತು, ಮತ್ತೆರಡು ಭಾಗಗಳು 1919 ಮತ್ತು 1920ರಲ್ಲಿ ಬಂದುವು.

ಇಲ್ಲಿ ಛಂದಸ್ಸಿನ ಒಂದು ಸಂಗತಿಯನ್ನು ವಿವರಿಸಬೇಕು. ಪ್ರಾಚೀನ ಕನ್ನಡ ಪದ್ಯದ ಕಟ್ಟು ಆದಿಪ್ರಾಸದ ಮೇಲೆ ನಿಂತಿದೆ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಹಳೆಯ ಇಂಗ್ಲಿಷ್ ಕಾವ್ಯದ ಕಟ್ಟು ಅಲಿಟರೇಷನ್ನಿನ ಮೇಲೆ ನಿಂತಿತ್ತು. ಪಾದದೊಳಗಿನ ಒತ್ತುಳ್ಳ ಶಬ್ದಗಳು ಒಂದೇ ಧ್ವನಿಯಿಂದ ಆರಂಭವಾಗಬೇಕು. ಹೊಸ ಇಂಗ್ಲಿಷ್ ಕಾವ್ಯದಲ್ಲಿ ಕಟ್ಟಿನ ಹೊಣೆ ಪಾದದ ಕೊನೆಯ ಪ್ರಾಸಕ್ಕೆ ವರ್ಗವಾಯಿತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ಬಿಟ್ಟು ಬರೆದುದು ಒಂದು ಪ್ರತಿಜ್ಞೆಯಂತೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ದಾಖಲಾಗಿದೆ. ಪೈಗಳು ಪಂಜೆಯವರಲ್ಲಿ ಕನ್ನಡ ಕಲಿತವರು. ಶಿಷ್ಯರು ಪ್ರತಿಜ್ಞೆಮಾಡಿ ಬಿಟ್ಟುದನ್ನು ಗುರುಗಳು ಗದ್ದಲವಿಲ್ಲದೆ ಸಡಿಲಿಸಿದರು. ಅವರ ಮಕ್ಕಳ ಪದ್ಯಗಳಲ್ಲಿ ಅಂತ್ಯಪ್ರಾಸವು ಇಂಗ್ಲಿಷಿನಂತೆ ಮಿನುಗುತ್ತದೆ; ಹಲವೆಡೆ ಎರಡನೆಯ ಅಕ್ಷರದ ಪ್ರಾಸವೂ ತಾನಾಗಿ ಬಂದು ಕುಳಿತಿರುತ್ತದೆ. ಹಳೆಯ ಮನೆಯ ಕಂಬವನ್ನು ಕೀಳದೆ ಹೊಸ ಬಾಗಿಲನ್ನು ತೆರೆದರು.

ಅವರ ಪದ್ಯಗಳಲ್ಲಿ ನನಗೆ ಶಿಖರವಾಗಿ ಕಾಣುವುದು ತೆಂಕಣ ಗಾಳಿಯಾಟ. ಇಂಗ್ಲಿಷ್ ಓದಿದ ಯಾವ ವಿದ್ಯಾರ್ಥಿಗೂ ಇದನ್ನು ಕಂಡೊಡನೆ ಶೆಲ್ಲಿಯ ಪಡುವಣ ಗಾಳಿಯ ಪ್ರಗಾಥ ನೆನಪಾಗುತ್ತದೆ. ಆ ಪ್ರಗಾಥ ಅಚ್ಚಾದದ್ದು 1820ರಲ್ಲಿ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಶೆಲ್ಲಿ ಗಾಳಿಯನ್ನು ನೀನೆಂದು ಕರೆಯುತ್ತಾನೆ; ಅದು ಅಪಾಸ್ಟ್ರಫಿ, ಇಲ್ಲದ್ದನ್ನು ಅಥವಾ ಜಡವನ್ನು ಎದುರು ನಿಲ್ಲಿಸಿ ಸಂಬೋಧಿಸುವ ಅಲಂಕಾರ. ಗಾಳಿಗೆ ಅವನು ಮನಸ್ಸನ್ನು, ಸಂಕಲ್ಪವನ್ನು ಕೊಡುತ್ತಾನೆ; ಅದು ಪರ್ಸಾನಿಫಿಕೇಷನ್, ಜಡದಲ್ಲಿ ಚೇತನವನ್ನು ಆರೋಪಿಸುವುದು. ಪಂಜೆಯವರ ಪದ್ಯ ಗಾಳಿಯನ್ನು ಕರೆಯುವುದಿಲ್ಲ. ದೂರದಿಂದ ಏನೋ ಬರುತ್ತಿದೆಯೆಂದು ಬೆರಳು ತೋರಿಸುತ್ತದೆ. ಆಮೇಲೆ ಕೇಳತೊಡಗುತ್ತದೆ: ಅದು ಪಾತಾಳದ ಸರ್ಪದ ಬುಸುಗುಟ್ಟುವಿಕೆಯೇ, ಹಸಿದ ಭೂತದ ಕೂಗೇ, ಯಮನ ಕೋಣದ ಧ್ವನಿಯೇ? ಒಂದೊಂದು ಪ್ರಶ್ನೆಯೂ ಓಕಾರದಲ್ಲಿ ಕೊನೆಗೊಂಡು, ಆ ಓಕಾರವೇ ಗಾಳಿಯ ಊಳಾಗುತ್ತದೆ. ನಮ್ಮ ಲಾಕ್ಷಣಿಕರು ಇದಕ್ಕೆ ಸಸಂದೇಹವೆಂದು ಹೆಸರಿಟ್ಟಿದ್ದಾರೆ. ಇದೋ ಅದೋ ಎಂದು ನಿರ್ಣಯಿಸದೆ ತೂಗುವುದೇ ಅದರ ಲಕ್ಷಣ. ಸಂಸ್ಕೃತ ಕಾವ್ಯಗಳಲ್ಲಿ ಈ ಅಲಂಕಾರವು ಬಹುಮಟ್ಟಿಗೆ ನಾಯಿಕೆಯ ಮುಖವೋ ಚಂದ್ರನೋ ಎಂಬ ಶೃಂಗಾರದ ಊಳಿಗದಲ್ಲಿ ಸವೆದುಹೋಗಿದೆ. ಪಂಜೆಯವರು ಅದನ್ನು ಹೆದರಿದ ಮಗುವಿನ ಬಾಯಲ್ಲಿಟ್ಟರು. ಅಲಂಕಾರಕ್ಕೆ ಮತ್ತೆ ಜೀವ ಬಂತು.

ಇಂಗ್ಲೆಂಡಿನ ವಿಮರ್ಶಕ ರಸ್ಕಿನ್ 1856ರಲ್ಲಿ ತನ್ನ ಕಾಲದ ಕವಿಗಳ ಮೇಲೆ ಒಂದು ಆಕ್ಷೇಪವನ್ನೆತ್ತಿದ. ಭಾವಾವೇಶಕ್ಕೆ ಒಳಗಾದ ಕವಿಯು ತನ್ನ ದುಃಖವನ್ನು ಅಲೆಗೂ ಎಲೆಗೂ ಹಚ್ಚಿ, ವಸ್ತುವಿನ ನಿಜವನ್ನು ಕಾಣದೆಹೋಗುತ್ತಾನೆ ಎಂಬುದು ಅದರ ಸಾರ. ಪೆಥೆಟಿಕ್ ಫ್ಯಾಲಸಿ ಎಂಬ ಆ ಹೆಸರನ್ನು ನನ್ನ ವಿದ್ಯಾರ್ಥಿಗಳೂ ಬರೆದುಕೊಂಡಿರುತ್ತಾರೆ. ಈ ಆಕ್ಷೇಪವು ಪಂಜೆಯವರ ಗಾಳಿಗೆ ತಟ್ಟುವುದಿಲ್ಲ. ಗಾಳಿ ಭೂತವೆಂದು ಅವರು ಸಾಧಿಸಲಿಲ್ಲ; ಭೂತವೋ ಎಂದು ಕೇಳಿದರು, ಅಷ್ಟೆ. ಕೇಳುವ ಮನಸ್ಸಿನ ಭಯವೂ ನಿಜವಾಗಿ ಉಳಿಯಿತು, ಗಾಳಿಯು ಗಾಳಿಯಾಗಿಯೂ ಉಳಿಯಿತು. ಮುಂಗಾರಿನ ಮೊದಲ ರಭಸ ಕಡಲಿನಿಂದೆದ್ದು, ಬಂಟ್ವಾಳದ ತೆಂಗು ಕಂಗುಗಳನ್ನು ಬಾಗಿಸಿ, ಬೆಳ್ತಂಗಡಿಯ ಮೇಲಿಂದ ಹಾದು ಚಾರ್ಮಾಡಿಯ ಘಟ್ಟಕ್ಕೆ ಬಡಿಯುವ ಇರುಳನ್ನು ಹಂಚಿನ ಮಾಡಿನ ಕೆಳಗೆ ಕಳೆದವರಿಗೆ ಈ ಪ್ರಶ್ನೆಗಳಲ್ಲಿ ಅತಿಶಯವೇನೂ ಕಾಣದು.

ಆ ಶೀರ್ಷಿಕೆಯಲ್ಲಿಯೂ ಒಂದು ಗುಟ್ಟಿದೆಯೆಂದು ನನ್ನ ಊಹೆ. ನಮ್ಮ ಸೀಮೆಯಲ್ಲಿ ಆಟವೆಂದರೆ ಬರಿಯ ಕ್ರೀಡೆಯಲ್ಲ, ಯಕ್ಷಗಾನ. ಗಾಳಿಯಾಟವೆಂದಾಗ ನಮ್ಮವರ ಕಿವಿಗೆ ಚೆಂಡೆಯ ಸದ್ದೂ ಸ್ವಲ್ಪ ಕೇಳಿಸದಿರದು. ಉದಯರಾಗವೆಂಬ ಪದ್ಯದಲ್ಲಿ ಈ ಊಹೆಗೆ ಗಟ್ಟಿಯಾದ ಆಧಾರ ದೊರೆಯುತ್ತದೆ. ಅಲ್ಲಿ ಸೂರ್ಯನು ಕತ್ತಲೆಯೊಡನೆ ಜಗಳಕ್ಕೆ ನಿಲ್ಲುತ್ತಾನೆ. ಮೂಡಣ ದಿಕ್ಕು ಅವನಿಗೆ ರಂಗಸ್ಥಳ. ಅಲ್ಲಿ ಅವನು ನೆತ್ತರು ಬಳಿದು ಕುಣಿಯುತ್ತಾನೆ. ಇಂಗ್ಲಿಷ್ ಕವಿತೆಯ ಸೂರ್ಯನಿಗೆ ಗ್ರೀಕರ ರಥವಿದೆ, ಹೊಂಗೂದಲಿದೆ. ಅದನ್ನು ತರ್ಜುಮೆಮಾಡಿದ್ದರೆ ನಮಗೊಂದು ವಿದೇಶೀ ಚಿತ್ರ ಸಿಕ್ಕುತ್ತಿತ್ತು. ಪಂಜೆಯವರು ಚೇತನಾರೋಪವೆಂಬ ಯುಕ್ತಿಯನ್ನು ಮಾತ್ರ ತೆಗೆದುಕೊಂಡು ವೇಷವನ್ನು ನಮ್ಮ ಚೌಕಿಯಲ್ಲಿ ಕಟ್ಟಿಸಿದರು. ಇರುಳಿಡೀ ಆಟ ನೋಡಿ, ರಕ್ಕಸನ ವಧೆಯನ್ನು ಕಣ್ಣಲ್ಲಿ ತುಂಬಿಕೊಂಡು, ಬೆಳಗಿನ ಜಾವ ಗದ್ದೆಯಂಚಿನಲ್ಲಿ ಮನೆಗೆ ನಡೆದವರಿಗೆ ಮೂಡಲ ಕೆಂಪು ಬೇರೆ ಯಾವ ರೀತಿಯಲ್ಲಿ ಕಾಣಬೇಕು? ಧರ್ಮಸ್ಥಳದ ಮೇಳದವರು ಬಯಲಿನಲ್ಲಿ ದೊಂದಿ ಹಚ್ಚಿ ಬೆಳಗಿನವರೆಗೆ ಕುಣಿಯುತ್ತಿದ್ದ ಕಾಲವನ್ನು ಕಂಡ ಅಜ್ಜಂದಿರಿಗೆ ಇದನ್ನು ಓದಿ ಹೇಳಿದರೆ ಅಲಂಕಾರದ ಹೆಸರು ಕೇಳುವುದಿಲ್ಲ, ತಲೆಯಾಡಿಸುತ್ತಾರೆ.

ನಾಗರಹಾವಿನ ಪದ್ಯ ಇನ್ನೂ ಸೂಕ್ಷ್ಮವಾದುದು. ಇಂಗ್ಲಿಷ್ ಅಧ್ಯಾಪಕರು ಅಪಾಸ್ಟ್ರಫಿಗೆ ಉದಾಹರಣೆ ಕೇಳಿದಾಗ ಈ ಪದ್ಯವನ್ನೇ ಹೇಳಬಹುದೆಂದು ಒಬ್ಬ ವಿದ್ಯಾರ್ಥಿ ವಾದಿಸಿದುದುಂಟು. ವಾದ ಸರಿಯೇ. ಆದರೆ ತುಳುನಾಡಿನಲ್ಲಿ ಹಾವಿನೊಡನೆ ಮಾತನಾಡುವುದು ಅಲಂಕಾರವೇ ಅಲ್ಲ, ನಡವಳಿಕೆ. ಮನೆಮನೆಗೂ ನಾಗಬನವಿದೆ, ನಾಗರಪಂಚಮಿಗೆ ತನು ಎರೆಯುತ್ತೇವೆ, ಅಂಗಳಕ್ಕೆ ಹಾವು ಬಂದರೆ ಹಿರಿಯರು ಕೈಮುಗಿದು ಹೊರಟುಹೋಗೆಂದು ಬೇಡಿಕೊಳ್ಳುತ್ತಾರೆ. ಈ ನಡವಳಿಕೆಯ ಮೇಲೆ ಪಂಜೆಯವರು ಪದ್ಯವನ್ನು ಕಟ್ಟಿದರು. ಮೊದಲು ಹಾವಿಗೆ ಹೂವಿನ ಹೋಲಿಕೆ, ಹಾಲಿನ ಆಸೆ, ಕೊಳಲಿನ ರಾಗ, ತಲೆಯ ರತ್ನದ ಬೇಡಿಕೆ. ಒಂದೊಂದು ನುಡಿಯ ಕೊನೆಗೂ ಒಂದಕ್ಷರದ ಮಾತು ನಾಲ್ಕು ಸಲ ಬಡಿಯುತ್ತದೆ - ಬರಹೇಳುವ ಮಾತಿನಿಂದ ತೊಡಗಿ, ಕೊಡಹೇಳಿ, ಕಡೆಗೆ ಹೋಗಹೇಳುವವರೆಗೆ. ಕೊನೆಯ ನುಡಿಯಲ್ಲಿ ಮೈಯ ತಣ್ಪು ಒಂದು ಕಡೆ, ಮನಸ್ಸಿನ ಬಿಸಿಹಗೆ ಇನ್ನೊಂದು ಕಡೆ. ಇಂಗ್ಲಿಷಿನ ಆಂಟಿಥೆಸಿಸ್ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಹರಿತವಾಗಿ ಕುಳಿತುದನ್ನು ನಾನು ಹೆಚ್ಚು ಕಂಡಿಲ್ಲ. ಹೊಗಳಿಕೆಯೆಲ್ಲ ಹೊರಗಟ್ಟುವುದಕ್ಕೆ ಎಂಬುದು ಆಗ ಹೊಳೆದು, ಹಿಂದಿನ ನುಡಿಗಳೆಲ್ಲ ಬೇರೆಯೇ ಬಣ್ಣ ತಾಳುತ್ತವೆ. ಹೊಗಳುವಂತೆ ತೋರಿ ಬೇರೊಂದನ್ನು ಸಾಧಿಸುವುದಕ್ಕೆ ನಮ್ಮಲ್ಲಿ ವ್ಯಾಜಸ್ತುತಿಯೆಂಬ ಹೆಸರು ಹತ್ತಿರವಾದುದು. ಮಕ್ಕಳಿಗೆ ಇದೊಂದೂ ತಿಳಿಯಬೇಕಾಗಿಲ್ಲ. ಹೋಗೆನ್ನುವಾಗ ಅವರು ತಾವಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಮಂಗಳೂರಿನಲ್ಲಿ 1921ರಲ್ಲಿ ಸ್ನೇಹಿತರೊಡಗೂಡಿ ಅವರು ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಅವರ ಕಿರುಗತೆಗಳ ಹೆಸರುಗಳನ್ನು ಗಟ್ಟಿಯಾಗಿ ಓದಿನೋಡಿ: ಗುಡುಗುಡು ಗುಮ್ಮಟ ದೇವರು, ಇಲಿಗಳ ಥಕಥೈ, ಕೊಕ್ಕೋ ಕೋಳಿ. ಸದ್ದನ್ನೇ ಶಬ್ದವಾಗಿಸುವ ಆನಮಟೊಪಿಯಕ್ಕೆ ಇಂಗ್ಲಿಷ್ ಪಾಠದಲ್ಲಿ ಬೆರಳೆಣಿಕೆಯ ಉದಾಹರಣೆಗಳು ದೊರೆಯುತ್ತವೆ. ಕನ್ನಡದಲ್ಲಿ ಅದು ಅಲಂಕಾರವಲ್ಲ, ವ್ಯಾಕರಣ. ಹದಿಮೂರನೆಯ ಶತಮಾನದ ಕೇಶಿರಾಜನೇ ಅನುಕರಣ ಶಬ್ದಗಳನ್ನು ಗಮನಿಸಿದ್ದಾನೆ. ಮಳೆ, 'ಧೋ' ಎನ್ನದೆ ನಮ್ಮಲ್ಲಿ ಸುರಿಯುವುದೇ ಇಲ್ಲ. ಪಂಜೆಯವರು 1920ರಲ್ಲಿ ಕಿಟ್ಟೆಲರ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ ಮರಳಿ ಹೊರತಂದವರೂ ಹೌದು ಎಂಬುದನ್ನು ಇಲ್ಲಿ ಮರೆಯಬಾರದು. ಕೊಕ್ಕೋ ಕೋಳಿಯನ್ನು ಕೂಗಿಸಿದ ಲೇಖನಿಯೇ ಕೇಶಿರಾಜನ ಸೂತ್ರಗಳ ಪಾಠವನ್ನೂ ತಿದ್ದಿತು.

ಮೂರು ಕರಡಿಗಳ ಕತೆಯನ್ನು ಇಂಗ್ಲಿಷಿನಲ್ಲಿ 1837ರಲ್ಲಿ ಅಚ್ಚುಹಾಕಿಸಿದವನು ಕವಿ ಸದೆ. ದೊಡ್ಡ ಕರಡಿಯ ಮಾತಿಗೆ ದೊಡ್ಡ ಅಚ್ಚು, ನಡುವಿನದಕ್ಕೆ ನಡುವಿನ ಅಚ್ಚು, ಮರಿಗೆ ಚಿಕ್ಕ ಅಚ್ಚು ಬಳಸಿ, ಒಂದೇ ವಾಕ್ಯವನ್ನು ಮೂರು ಸಲ ಇಳಿಸಿದ. ಪುನರುಕ್ತಿಯ ಈ ಸೊಗಸನ್ನು ಪಂಜೆಯವರು ಆ ಕತೆಯೊಡನೆ ನಮ್ಮ ಮಕ್ಕಳಿಗೆ ದೊರಕಿಸಿದರು. ಆದರೆ ಅದೇ ಕೈ ಸಿಗಡಿ ಯಾಕೆ ಒಣಗಲಿಲ್ಲ ಎಂಬ ಕತೆಯನ್ನೂ ಬರೆಯಿತು. ಕರಾವಳಿಯ ಬಿಸಿಲಿನಲ್ಲಿ ಒಂದು ಸಿಗಡಿ ಒಣಗಲಿಲ್ಲ. ಏಕೆಂದು ಕೇಳಿದರೆ ಅದು ಇನ್ನೊಬ್ಬರ ಮೇಲೆ ಹೇಳುತ್ತದೆ, ಅವರು ಮತ್ತೊಬ್ಬರ ಮೇಲೆ. ಒಂದರ ಕಾರಣ ಇನ್ನೊಂದಾಗಿ ಸರಪಳಿ ಬೆಳೆಯುವ ಇದಕ್ಕೆ ನಮ್ಮ ಆಲಂಕಾರಿಕರು ಕಾರಣಮಾಲೆಯೆಂದು ಹೆಸರಿಟ್ಟಿದ್ದಾರೆ. ಜ್ಯಾಕ್ ಕಟ್ಟಿದ ಮನೆಯ ಇಂಗ್ಲಿಷ್ ಶಿಶುಗೀತವೂ ಇದರ ದಾಯಾದಿಯೇ. ಸಂಸ್ಕೃತದ ಕಾರಣಮಾಲೆಯಲ್ಲಿ ವಿದ್ಯೆಯಿಂದ ವಿನಯ, ವಿನಯದಿಂದ ಯೋಗ್ಯತೆ ಎಂದು ಏರುವ ಗಾಂಭೀರ್ಯವಿರುತ್ತದೆ. ಇಲ್ಲಿ ತಪ್ಪನ್ನು ಮುಂದಿನವರ ತಲೆಗೆ ಕಟ್ಟುವ ಜಾಣತನವಿದೆ. ಕಚೇರಿಗಳ ಪರಿಚಯವುಳ್ಳ ಹಿರಿಯರು ಇದನ್ನು ಓದಿ ಮಕ್ಕಳಿಗಿಂತ ಹೆಚ್ಚು ನಕ್ಕರೆ ಆಶ್ಚರ್ಯವಿಲ್ಲ.

ಕೊಡಗು ಆಗ ಇಂಗ್ಲಿಷರ ನೇರ ಆಳ್ವಿಕೆಯ ಪ್ರತ್ಯೇಕ ಪ್ರಾಂತವಾಗಿದ್ದಿತು. ಮಡಿಕೇರಿಯ ಸರಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಪಂಜೆಯವರು ಘಟ್ಟವನ್ನೇರಿದರು. ಅಲ್ಲಿನ ಸುಗ್ಗಿಯ ಹಬ್ಬವಾದ ಹುತ್ತರಿಯ ಮೇಲೆ ಅವರು ಬರೆದ ಹಾಡು ಕೊಡಗಿನವರಿಗೆ ನಾಡಗೀತೆಯಂತಾಯಿತು. ಎಲ್ಲಿ ಎಂಬ ಒಂದೇ ಮಾತು ಸಾಲುಸಾಲಿನ ಮೊದಲಿಗೆ ಬಂದು ಪ್ರಶ್ನಿಸುತ್ತ ಹೋಗುತ್ತದೆ, ಉತ್ತರವು ಕೊಡಗು. ಸಾಲಿನ ತಲೆಯಲ್ಲಿ ಒಂದೇ ಮಾತನ್ನು ಮರಳಿ ಮರಳಿ ಇಡುವುದಕ್ಕೆ ಇಂಗ್ಲಿಷಿನಲ್ಲಿ ಅನಾಫೊರ ಎನ್ನುತ್ತಾರೆ. ಉತ್ತರ ತಿಳಿದಿದ್ದೂ ಕೇಳುವುದು ರೆಟರಿಕಲ್ ಕ್ವೆಶ್ಚನ್. ವಾಗ್ಮಿಗಳ ಈ ಎರಡು ಆಯುಧಗಳನ್ನು ಅವರು ಹಿಡಿದರೂ ನಡೆಯನ್ನು ಇಂಗ್ಲಿಷಿನಿಂದ ತರಲಿಲ್ಲ. ಮೂರು ಮಾತ್ರೆಗೆ ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು - ಇದು ಗದುಗಿನ ನಾರಣಪ್ಪನ ಭಾಮಿನಿಯ ನಡೆ. ತಾಳಮದ್ದಳೆಯ ಊರಿನಲ್ಲಿ ಬೆಳೆದವರಿಗೆ, ಭಾರತವಾಚನ ಕೇಳಿದವರಿಗೆ ಅದು ಉಸಿರಿನಷ್ಟು ಸಹಜ. ಇಂಗ್ಲಿಷ್ ಪದ್ಯ ಒತ್ತಿನ ಮೇಲೆ ನಡೆಯುತ್ತದೆ, ನಮ್ಮದು ಮಾತ್ರೆಯ ಮೇಲೆ. ಇದನ್ನರಿಯದೆ ಅನುಕರಿಸಿದವರ ಪದ್ಯಗಳು ಆ ಕಾಲದಲ್ಲಿ ಕುಂಟಿಬಿದ್ದುದನ್ನು ಯಾವ ಹಳೆಯ ಮಾಸಪತ್ರಿಕೆಯಲ್ಲಾದರೂ ನೋಡಬಹುದು.

1924ರ ಕೋಟಿ ಚೆನ್ನಯ ತುಳುವಿನ ಪಾಡ್ದನದಿಂದ ಕನ್ನಡ ಗದ್ಯಕ್ಕೆ ಬಂದ ಕೃತಿ. ಆ ಅವಳಿ ವೀರರ ಕತೆಯಲ್ಲಿ ಪಂಜದ ಹೆಸರೂ ಬರುತ್ತದೆ. ಅದೇ ಹೆಸರನ್ನು ಹೊತ್ತ ಮನೆತನದವರು ಆ ಕತೆಯನ್ನು ಬರೆದರೆಂಬುದು ಒಂದು ಸೊಗಸಾದ ಯೋಗ.

ಇನ್ನು ಬಾಕಿಯ ಮಾತಿಗೆ ಬರುತ್ತೇನೆ. ನವೋದಯದ ಚರಿತ್ರೆಯನ್ನು ನಾವು 1926ರ ಇಂಗ್ಲಿಷ್ ಗೀತಗಳಿಂದ ಎಣಿಸುತ್ತೇವೆ. ಬಿ.ಎಂ. ಶ್ರೀಕಂಠಯ್ಯನವರ ಆ ಪುಸ್ತಕದ ಹಿರಿಮೆಯನ್ನು ಕುಂದಿಸುವ ಯೋಚನೆ ನನಗಿಲ್ಲ. ಹೊಸ ಕವಿತೆಗೆ ಒಂದು ಭಾಷೆಯನ್ನೂ ಧೈರ್ಯವನ್ನೂ ಅದು ಕೊಟ್ಟಿತು. ಆದರೆ ಇಂಗ್ಲಿಷ್ ಕಾವ್ಯದ ಯುಕ್ತಿಗಳು ಕನ್ನಡದಲ್ಲಿ ಬೇರೂರಬಲ್ಲುವೇ, ಯಾವ ಮಣ್ಣಿನಲ್ಲಿ, ಯಾವ ಹದದಲ್ಲಿ ಎಂಬ ಪ್ರಯೋಗವು ಅದಕ್ಕೆ ಹದಿನಾಲ್ಕು ವರ್ಷ ಮೊದಲೇ ಕರಾವಳಿಯ ಒಂದು ಶಾಲಾಪುಸ್ತಕದಲ್ಲಿ ಆರಂಭವಾಗಿತ್ತು. 1919ರಲ್ಲಿ ಅದೇ ಸೀಮೆಯ ಹಟ್ಟಿಯಂಗಡಿ ನಾರಾಯಣರಾಯರ ಆಂಗ್ಲ ಕವಿತಾವಳಿಯೂ ಬಂದಿತು. ಕರಾವಳಿಯ ಈ ದುಡಿಮೆಗೆ ನಮ್ಮ ಚರಿತ್ರಕಾರರು ಒಂದು ಪ್ಯಾರಾ ಕೊಡುತ್ತಾರೆ, ಹೆಚ್ಚೆಂದರೆ ಎರಡು. ಶಾಲಾಪುಸ್ತಕವನ್ನು ವಿಮರ್ಶಕರು ಓದುವುದಿಲ್ಲ. ಓದುವ ಮಕ್ಕಳು ವಿಮರ್ಶೆ ಬರೆಯುವುದಿಲ್ಲ.

ತಪ್ಪು ವಿಮರ್ಶಕರದು ಮಾತ್ರವೆಂದೂ ಹೇಳಲಾಗದು. ಕವಿಶಿಷ್ಯನೆಂದು ಕರೆದುಕೊಂಡ ಮೇಲೆ ಲೋಕವು ಅದನ್ನು ಅಕ್ಷರಶಃ ನಂಬಿತು. ಪಂಜೆಯವರ ವಿನಯವನ್ನು ಎಲ್ಲರೂ ಕೊಂಡಾಡಿದ್ದಾರೆ. ನಾನು ಆ ವಿನಯದ ಮೇಲೆ ಸ್ವಲ್ಪ ಮುನಿಸಿಕೊಂಡವನು. ತೆಂಕಣ ಗಾಳಿಯನ್ನು ಬರೆದ ಕೈ ಇನ್ನೂ ಐವತ್ತು ಅಂಥ ಪದ್ಯಗಳನ್ನು ಬರೆಯಬಹುದಾಗಿತ್ತು. ಅದರ ಬದಲು ಆ ಕೈ ಶಾಲಾ ತಪಾಸಣೆಯ ವರದಿಗಳನ್ನು ಬರೆಯಿತು, ವಾಚನಪುಸ್ತಕಗಳನ್ನು ಜೋಡಿಸಿತು, ಇತರರ ಪದ್ಯಗಳಿಗೆ ಜಾಗ ಮಾಡಿಕೊಟ್ಟಿತು. ಸಂಸಾರದ ಹೊಣೆ ಚಿಕ್ಕಂದಿನಲ್ಲೇ ತಲೆಯ ಮೇಲೆ ಬಿದ್ದವರಿಗೆ ಸಂಬಳದ ಕೆಲಸವನ್ನು ಬಿಡುವ ಸ್ವಾತಂತ್ರ್ಯವಿರಲಿಲ್ಲ ಎಂಬ ಸಮಾಧಾನ ಉಂಟು. ಆದರೂ ಅವರ ಕವಿತೆಗಳ ಗಾತ್ರವನ್ನು ಕೈಯಲ್ಲಿ ಹಿಡಿದು ನೋಡಿದಾಗಲೆಲ್ಲ ಆ ಮುನಿಸು ಮರಳಿ ಬರುತ್ತದೆ. ಇದಕ್ಕೆ ಒಪ್ಪದ ನನ್ನ ಹಿರಿಯ ಮಿತ್ರರೊಬ್ಬರಿದ್ದಾರೆ. ಮಕ್ಕಳಿಗಾಗಿ ಬರೆದುದರಿಂದಲೇ ಅವರ ಅಲಂಕಾರಗಳು ಇಷ್ಟು ತಿಳಿಯಾದುವು, ಕವಿಯೆಂಬ ಹಮ್ಮಿನಿಂದ ಬರೆದಿದ್ದರೆ ಅವರೂ ಕಾಲದ ಉಳಿದವರಂತೆ ಉಬ್ಬಿದ ಪದ್ಯ ಬರೆಯುತ್ತಿದ್ದರು ಎಂಬುದು ಅವರ ವಾದ. ಮಗುವಿನ ಕಿವಿ ನಿರ್ದಾಕ್ಷಿಣ್ಯವಾದುದು. ಅದಕ್ಕೆ ಬೇಸರವಾದರೆ ಮರ್ಯಾದೆಗಾಗಿ ಕೇಳುವುದಿಲ್ಲ. ಆ ಮಟ್ಟಿಗೆ ಮಿತ್ರರ ಮಾತನ್ನು ನಾನು ತಳ್ಳಿಹಾಕಲಾರೆ.

1934ರಲ್ಲಿ ರಾಯಚೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. ರಾಯಚೂರು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿ ಆಡಳಿತದ ಭಾಷೆ ಉರ್ದು. ಕೊಂಕಣಿಯನ್ನು ಮನೆಯಲ್ಲಿ ಆಡಿ, ತುಳುವನ್ನು ಬೀದಿಯಲ್ಲಿ ಆಡಿ ಬೆಳೆದ ಕರಾವಳಿಯ ಮೇಷ್ಟ್ರು ಮರಾಠಿ, ತೆಲುಗು, ಉರ್ದುಗಳ ನಡುವೆ ಕನ್ನಡವನ್ನು ಉಳಿಸಿಕೊಳ್ಳುತ್ತಿದ್ದ ಜನರ ಎದುರು ಆ ಪೀಠದಲ್ಲಿ ಕುಳಿತರು.

ಅದೇ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿ, ಕಡಲಿನಿಂದ ಬಹುದೂರದಲ್ಲಿ, ನ್ಯುಮೋನಿಯದಿಂದ ಅವರು 1937ರ ಅಕ್ಟೋಬರ್ 25ರಂದು ತೀರಿಕೊಂಡರು. ವಯಸ್ಸು ಅರುವತ್ತಮೂರು. ಕುವೆಂಪು ಅವರ ಮೇಲೆ ಒಂದು ಕವಿತೆ ಬರೆದರು. ಚದರಿಹೋಗಿದ್ದ ಅವರ ಬರಹಗಳು ಸಂಪುಟಗಳಾಗಿ ಒಂದೆಡೆ ಸೇರಿದುದು ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೆ. ಅಷ್ಟರಲ್ಲಿ ಹಾವಿನ ಹಾಡನ್ನೂ ಸೂರ್ಯನ ಹಾಡನ್ನೂ ಬರೆದವರ ಹೆಸರು ಕೇಳದೆಯೇ ಬಾಯಿಪಾಠ ಮಾಡಿಕೊಂಡ ಮಕ್ಕಳು ಬೆಳೆದು, ತಮ್ಮ ಮಕ್ಕಳಿಗೆ ಅವನ್ನು ಹೇಳಿಕೊಡುತ್ತಿದ್ದರು.